ಕುಣಿತಕ್ಕೆ ಒದಗುವ ಕಂಠ

ಉಜಿರೆಯ ಮುಂಜಾವಿನ ಮೌನ ಅಲ್ಪಾಯುಷಿ. ಜನಾರ್ದನ ಸ್ವಾಮಿಯ ಸನ್ನಿಧಿಯಲ್ಲಿ ಗಂಟೆ ಮೊಳಗುವ ಹೊತ್ತಿಗೆ ಚಾರ್ಮಾಡಿ ಘಾಟಿ ಇಳಿದ ಬಸ್ಸುಗಳು ಧರ್ಮಸ್ಥಳದತ್ತ ಹೊರಳುತ್ತಿರುತ್ತವೆ. ಯಾವುದೋ ಕಿಟಕಿಯಿಂದ ಹಾಡೊಂದು ರಸ್ತೆಗೆ ಬೀಳುತ್ತದೆ. ತಾಳ ತಾರುಣ್ಯದ್ದು, ಕಂಠ ಮಾತ್ರ ವಯೋವೃದ್ಧರದು. ಕೇಳಿದ ಕ್ಷಣ ನಮ್ಮೊಳಗೆ ಸಣ್ಣದೊಂದು ಮುಜುಗರ ಸುಳಿಯುತ್ತದೆ. ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ? ಬಾಯಿಬಿಟ್ಟು ನಾವು ಹಾಗೆ ಕೇಳುವುದಿಲ್ಲ. ಆದರೆ ಸುಳಿದದ್ದು ಸುಳ್ಳಲ್ಲ.

ಇದೇ ಪ್ರಶ್ನೆಯನ್ನು 1998ರಲ್ಲಿ ಜಗತ್ತು ಅಮೆರಿಕದ ಗಾಯಕಿ ಶೇರ್ ಕುರಿತು ಕೇಳಬಹುದಿತ್ತು. ಆಕೆಗೆ ಆಗ 52 ವರ್ಷ. ಸನ್ನಿ ಬೋನೊ ಜೊತೆಗೂಡಿ ಮೊದಲ ಬಾರಿ ಜನಪ್ರಿಯತೆಯ ಶಿಖರ ಏರಿದ್ದು 1965ರಲ್ಲಿ. ಅವರಿಬ್ಬರ ದಾಂಪತ್ಯ ಮುರಿದು ದಶಕಗಳೇ ಸಂದಿದ್ದವು. 1998ರ ಜನವರಿಯಲ್ಲಿ ಸನ್ನಿ ಅಪಘಾತದಲ್ಲಿ ತೀರಿಕೊಂಡಾಗ, ಅಂತಿಮ ವಿಧಿಯಲ್ಲಿ ಕಣ್ಣೀರು ತಡೆಯಲಾಗದೆ ಮಾತನಾಡಿದವರು ಅದೇ ಶೇರ್. ಅದೇ ವರ್ಷದ ಅಕ್ಟೋಬರಿನಲ್ಲಿ ಆಕೆಯ 'ಬಿಲೀವ್' ಆಲ್ಬಂ ಬಂತು. ಆದ್ಯಂತ ಕುಣಿತದ ಲಯ. ಶೀರ್ಷಿಕೆ ಗೀತೆಯ ವಸ್ತುವಾದರೋ ಪ್ರೇಮ ಮುಗಿದ ಮೇಲಿನ ಬದುಕು. ಶೋಕಕ್ಕೂ ನರ್ತನಕ್ಕೂ ನಡುವೆ ಎಷ್ಟು ಅಂತರವಿರಬೇಕೆಂದು ನಾವು ಪಕ್ಕದಲ್ಲಿ ಕುಳಿತು ಲೆಕ್ಕ ಹಾಕುತ್ತೇವೆ. ಶೋಕಿಸಿದವರ ಲೆಕ್ಕವೇ ಬೇರೆ.

ಆ ಗೀತೆಯಲ್ಲಿ ಒಂದು ವಿಚಿತ್ರವಿದೆ. ಅಲ್ಲಲ್ಲಿ ಕಂಠವು ಥಟ್ಟನೆ ಯಂತ್ರದ ಧ್ವನಿಯಾಗುತ್ತದೆ. ಅದಕ್ಕೆ ಕಾರಣ ಆಟೋಟ್ಯೂನ್ ಎಂಬ ತಂತ್ರಾಂಶ. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ಭೂಗರ್ಭಕ್ಕೆ ಶಬ್ದತರಂಗ ಕಳಿಸಿ ತೈಲದ ನೆಲೆ ಹುಡುಕುವ ವಿದ್ಯೆಯಲ್ಲಿ ಪಳಗಿದವರು. ಆ ಗಣಿತವನ್ನೇ ಕಂಠಕ್ಕೆ ಅನ್ವಯಿಸಿ, 1997ರಲ್ಲಿ ಅಪಸ್ವರ ತಿದ್ದುವ ಸಾಧನವನ್ನು ಹೊರತಂದರು. ಗಾಯಕರ ಸ್ವರ ಕೊಂಚ ಜಾರಿದರೆ ಸಾಧನ ಅದನ್ನು ಮೆಲ್ಲನೆ ಸರಿಯಾದ ಸ್ಥಾನಕ್ಕೆ ತಂದು ನಿಲ್ಲಿಸಬೇಕು, ತಿದ್ದಿದ ಗುರುತು ಯಾರ ಕಿವಿಗೂ ಬೀಳಬಾರದು. ಉದ್ದೇಶ ಅಷ್ಟೇ. 'ಬಿಲೀವ್' ನಿರ್ಮಿಸಿದವರು ಆ 'ಮೆಲ್ಲನೆ' ಎಂಬುದನ್ನೇ ತೆಗೆದುಹಾಕಿದರು. ತಿದ್ದುವ ಅವಧಿಯನ್ನು ಶೂನ್ಯಕ್ಕೆ ಇಳಿಸಿದರು. ಸ್ವರದಿಂದ ಸ್ವರಕ್ಕೆ ಜಾರುವಿಕೆ ಇಲ್ಲ, ಎಲ್ಲವೂ ಜಿಗಿತ. ಗಮಕದಲ್ಲಿ ಪಳಗಿದ ನಮ್ಮ ಕಿವಿಗೆ ಅದು ಒಗ್ಗಲು ಸ್ವಲ್ಪ ಕಾಲ ಬೇಕು. ಏಕೆಂದರೆ ಗಮಕದ ಜೀವವಿರುವುದೇ ಸ್ವರಗಳ ನಡುವಿನ ಆ ಪಯಣದಲ್ಲಿ.

ಕಂಠ ಯಂತ್ರವಾಗುವ ಆ ಭಾಗವನ್ನು ತೆಗೆಯಬೇಕೆಂದು ಧ್ವನಿಮುದ್ರಣ ಸಂಸ್ಥೆಯವರು ಬಯಸಿದರಂತೆ. ಶೇರ್ ಒಪ್ಪಲಿಲ್ಲ. ನಿರ್ಮಾಪಕರಾದರೋ ಅದು ಬೇರೊಂದು ಉಪಕರಣದ ಚಮತ್ಕಾರವೆಂದು ಮೊದಮೊದಲು ಹೇಳಿಕೊಂಡರು. ಮರೆಮಾಚುವ ಸಾಧನವನ್ನೇ ಮರೆಮಾಚಿದ ಈ ಪ್ರಸಂಗಕ್ಕೆ ನಗು ಬರುತ್ತದೆ. ನಕ್ಕ ಮೇಲೆ ನಮ್ಮ ನೆನಪೂ ಆಗುತ್ತದೆ. ನಮ್ಮೆಲ್ಲರ ಬಳಿಯೂ ಇಂಥದೊಂದು ಸಾಧನವಿದೆ. ಮಾತು ತೊದಲಿದರೆ ಕೆಮ್ಮುತ್ತೇವೆ. ಹೆಸರು ಮರೆತರೆ ನಸುನಗುತ್ತೇವೆ. ನರೆಗೆ ಬಣ್ಣವಿದೆ, ನೋವಿಗೆ 'ಏನಿಲ್ಲ' ಎಂಬ ಉತ್ತರವಿದೆ. ಇದರಲ್ಲಿ ಅಪರಾಧವೇನೂ ಇಲ್ಲ. ಅಷ್ಟಿಷ್ಟು ತಿದ್ದಿಕೊಳ್ಳದೆ ನಾಲ್ಕು ಜನರ ಎದುರು ನಿಲ್ಲುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಆದರೆ ಆ ಗೀತೆಯಲ್ಲಿ ತಿದ್ದುಪಡಿ ಬಚ್ಚಿಟ್ಟುಕೊಳ್ಳಲಿಲ್ಲ. ಬೆಳಕಿಗೆ ಬಂದು ಆಭರಣವಾಯಿತು. 1999ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಮರುವರ್ಷ ನೃತ್ಯಗೀತೆಯ ವಿಭಾಗದಲ್ಲಿ ಗ್ರ್ಯಾಮಿ ಪಡೆಯಿತು. ಆಮೇಲೆ ಬಂದ ಎಳೆಯ ಗಾಯಕರು, ತಿದ್ದಲು ಏನೂ ಇಲ್ಲದವರು ಕೂಡ, ಆ ಧ್ವನಿಯನ್ನೇ ಅರಸಿದರು.

ನಮ್ಮ ಸೀಮೆಗೆ ಈ ಮುಜುಗರ ಬಂದದ್ದಾದರೂ ಎಲ್ಲಿಂದ? ಯಕ್ಷಗಾನದ ಆಟ ಬೆಳಗಿನವರೆಗೆ ನಡೆಯುತ್ತಿದ್ದ ಕಾಲದಲ್ಲಿ ಮುಖ್ಯ ಭಾಗವತರು ನಡುರಾತ್ರಿ ಕಳೆದ ಮೇಲೆ ಜಾಗಟೆ ಹಿಡಿಯುತ್ತಿದ್ದರು. ಹಾಡುವವರು ಅರುವತ್ತು ದಾಟಿದವರು, ಕುಣಿಯುವವರು ಇಪ್ಪತ್ತರ ಪುಂಡುವೇಷದವರು. ಕಟೀಲು ಮೇಳದಲ್ಲಿ ದಶಕಗಳ ಕಾಲ ಪದ ಹೇಳಿದ ಬಲಿಪ ನಾರಾಯಣ ಭಾಗವತರು ನೆಲೆಸಿದ್ದು ಇಲ್ಲಿಗೆ ದೂರವಲ್ಲದ ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ. 1938ರಲ್ಲಿ ಜನಿಸಿ 2023ರಲ್ಲಿ ಅಗಲಿದ ಅವರ ಏರುಶ್ರುತಿಗೆ ಎಷ್ಟು ತಲೆಮಾರುಗಳ ಗೆಜ್ಜೆ ಸ್ಪಂದಿಸಿತೋ! ಚಂಡೆಗೆ ಸಮನಾಗಿ ಹಿರಿಯ ಕಂಠವೊಂದು ಏರುವಾಗ, ಈ ವಯಸ್ಸಿಗೆ ಇದೇಕೆ ಎಂದು ಬಯಲಲ್ಲಿ ಕುಳಿತ ಯಾರಿಗೂ ಅನ್ನಿಸಲಿಲ್ಲ. ಹಿರಿಯರ ಉಸಿರಿನಲ್ಲಿ ಕಿರಿಯರ ಕಾಲು ಚಲಿಸುವುದೇ ಅಲ್ಲಿಯ ಕ್ರಮ.

ರಾಜ್‌ಕುಮಾರ್ ಅವರಿಗೂ ನಾವು ಈ ಪ್ರಶ್ನೆ ಹಾಕಲಿಲ್ಲ. 1992ರ 'ಜೀವನ ಚೈತ್ರ'ದಲ್ಲಿ ಗಂಭೀರವಾದ ಶಾಸ್ತ್ರೀಯ ರಚನೆಯೊಂದನ್ನು ಹಾಡಿ ಅವರು ರಾಷ್ಟ್ರಪ್ರಶಸ್ತಿ ಪಡೆದರು. ಮರುವರ್ಷ 'ಆಕಸ್ಮಿಕ'ದಲ್ಲಿ ಹಂಸಲೇಖರ ಲಯಕ್ಕೆ ದನಿಗೂಡಿಸಿ ನಾಡನ್ನೇ ಕುಣಿಸಿದರು. ವಯಸ್ಸು ಆಗ 64. ರಾಜ್ಯೋತ್ಸವ ಬಂದರೆ ಶಾಲೆಯ ಅಂಗಳದಲ್ಲಿ ಮಕ್ಕಳು ಈಗಲೂ ಆ ಹಾಡಿಗೇ ಹೆಜ್ಜೆ ಹಾಕುತ್ತಾರೆ. ಅಂದರೆ ನಮ್ಮವರೆಂದು ಒಪ್ಪಿಕೊಂಡವರಿಗೆ ನಾವು ಸಹಜವಾಗಿ ಕೊಡುವ ಅನುಮತಿಯೊಂದಿದೆ. ಉಳಿದವರ ವಿಷಯದಲ್ಲಿ ನಮ್ಮ ಕೈ ಬಿಗಿಯಾಗುತ್ತದೆ. ಪ್ರಾಯಶಃ ಇದರಲ್ಲಿ ಕಾಠಿನ್ಯಕ್ಕಿಂತ ಭಯವೇ ಹೆಚ್ಚು. ನಾವು ಎಳೆಯರಾಗಿದ್ದಾಗ ಕೇಳಿದ ಕಂಠ ಹಾಗೆಯೇ ಉಳಿದಿದ್ದರೆ ನಮ್ಮ ಎಳೆತನವೂ ಎಲ್ಲೋ ಸುರಕ್ಷಿತವಾಗಿದೆ ಎಂಬ ಭ್ರಮೆ ನಮ್ಮದು. ಅದು ಬದಲಾದರೆ ನಮ್ಮ ವಯಸ್ಸು ನಮಗೆ ಕೇಳಿಸಿಬಿಡುತ್ತದೆ.

ಶೇರ್ 2002ರಲ್ಲಿ ವಿದಾಯದ ಸಂಗೀತಯಾತ್ರೆ ಹೊರಟರು. ಅದು 2005ರವರೆಗೂ ಮುಗಿಯಲಿಲ್ಲ. ಮುಗಿದ ಮೇಲೂ ವೇದಿಕೆಗೆ ಮರಳಿದರು. 2013ರಲ್ಲಿ ಮತ್ತೊಂದು ಆಲ್ಬಂ, 2023ರಲ್ಲಿ 77ರ ಹರೆಯದಲ್ಲಿ ಕ್ರಿಸ್ಮಸ್ ಗೀತೆಗಳದು. ಅದರಲ್ಲೂ ಒಂದು ಅಪ್ಪಟ ಕುಣಿತದ ಹಾಡು. ಇಷ್ಟು ದೀರ್ಘವಾದ ವಿದಾಯಕ್ಕೆ ನಗುವವರುಂಟು. ನಾವು ನಗುವಂತಿಲ್ಲ. ನೆಂಟರ ಮನೆಯಿಂದ ಹೊರಟೆವೆಂದು ಮೂರು ಸಲ ಹೇಳಿ, ಜಗಲಿಯಲ್ಲಿ ಚಪ್ಪಲಿ ಮೆಟ್ಟಿಕೊಂಡ ಮೇಲೂ ಇನ್ನೊಂದು ಸುದ್ದಿ ತೆಗೆದು ನಿಲ್ಲುವವರು ನಾವು.