ಮಾತು ಬಲ್ಲ ಸಿಸ್ಟರ್

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಶಾಲೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆಯದ ಕನ್ನಡಿಗರು ಕಡಿಮೆ. ಹಿತವಾಗಿ ಉಣ್ಣಬೇಕು, ಮಿತವಾಗಿ ಆಡಬೇಕು ಎಂದು ನಾಲ್ಕು ಸಾಲು ಗೀಚಿ ಮುಂದಿನ ಪ್ರಶ್ನೆಗೆ ಹಾರಿದವರೇ ಎಲ್ಲರೂ. ಊಟವನ್ನೂ ಮಾತನ್ನೂ ಒಂದೇ ದಾರದಲ್ಲಿ ಪೋಣಿಸಿದ್ದೇಕೆ ಎಂದು ಯಾರೂ ಕೇಳುವುದಿಲ್ಲ. ಎರಡೂ ಬಾಯಿಯ ಕೆಲಸ, ಒಂದು ಒಳಗೆ ಹೋಗುವುದು, ಇನ್ನೊಂದು ಹೊರಗೆ ಬರುವುದು ಎಂಬುದು ಮೇಲುನೋಟದ ಉತ್ತರ. ಆದರೆ ಗಾದೆ ರೋಗವನ್ನೂ ಮಾತನ್ನೂ ಅಕ್ಕಪಕ್ಕ ಕೂರಿಸಿದೆ, ಮತ್ತು ಇವೆರಡೂ ದಿನದ ಇಪ್ಪತ್ನಾಲ್ಕು ಗಂಟೆ ಅಕ್ಕಪಕ್ಕ ಕೂರುವ ಜಾಗವೊಂದಿದೆ: ಆಸ್ಪತ್ರೆಯ ವಾರ್ಡು. ಬೆಂಗಳೂರಿನ ಸಂಜಯನಗರದಲ್ಲಿ ಇರುವವರಿಗೆ ಅದು ದೂರದ ಸಂಗತಿಯಲ್ಲ. ನ್ಯೂ ಬಿಇಎಲ್ ರಸ್ತೆಯ ಕಡೆ ಹೋದರೆ ರಾಮಯ್ಯ ಆಸ್ಪತ್ರೆ, ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳಕ್ಕೆ ಹೋದರೆ 1973ರಿಂದ ನಡೆಯುತ್ತಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆ. ಎರಡೂ ಕಡೆ ನರ್ಸಿಂಗ್ ಕಲಿಸುತ್ತಾರೆ. ಹೀಗಾಗಿ ಪಿಯುಸಿ ಫಲಿತಾಂಶ ಬಂದ ಮೇಲೆ ಇಲ್ಲಿನ ಮನೆಗಳಲ್ಲಿ ನರ್ಸಿಂಗ್ ಸೇರುವ ಮಾತು ಏಳುವುದು ಸಹಜ. ಅದರ ಜೊತೆಗೇ ಒಂದು ಅಳುಕೂ ಏಳುತ್ತದೆ. ಜನರ ಜೊತೆ ಬೆರೆಯುವುದೇ ಇಷ್ಟವಿಲ್ಲದವರು, ನೆಂಟರು ಬಂದರೆ ಕೋಣೆ ಸೇರಿಕೊಳ್ಳುವವರು, ಫೋನ್ ರಿಂಗಾದರೆ ಅದು ತಾನಾಗಿ ನಿಲ್ಲಲಿ ಎಂದು ಕಾಯುವವರು ಈ ಕೆಲಸಕ್ಕೆ ಆಗಿಬರುತ್ತಾರೆಯೇ? ಬಾಯಿ ಇಲ್ಲದವಳು ಆಸ್ಪತ್ರೆಯಲ್ಲಿ ಏನು ಮಾಡಿಯಾಳು ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಗಾದೆಯನ್ನು ಸರಿಯಾಗಿ ಓದಿದರೆ ತೀರ್ಪು ಬೇರೆಯೇ ಇದೆ ಎಂಬುದು ನನ್ನ ವಾದ.

ಗುಟ್ಟು ಇರುವುದು 'ಬಲ್ಲ' ಎಂಬ ಎರಡಕ್ಷರದಲ್ಲಿ. ಊಟ ಬಲ್ಲವನು ಎಂದರೆ ಹೆಚ್ಚು ಉಣ್ಣುವವನಲ್ಲ. ಪಂಕ್ತಿಯಲ್ಲಿ ಕೂತು ಹನ್ನೆರಡು ಹೋಳಿಗೆ ಮುಗಿಸಿದವನಿಗೆ ನಾವು ಬೇರೆ ಹೆಸರು ಇಟ್ಟಿದ್ದೇವೆ. ಊಟದಲ್ಲಿ ಅಪಾರ ಆಸೆ ಇರುವವನೂ ಊಟ ಬಲ್ಲವನಲ್ಲ. ಯಾವುದು, ಯಾವಾಗ, ಎಷ್ಟು ಎಂದು ತಿಳಿದವನು ಮಾತ್ರ ಆ ಹೆಸರಿಗೆ ತಕ್ಕವನು. ಹಸಿವೇ ಕಡಿಮೆ ಇರುವವನೂ ಊಟ ಬಲ್ಲವನಾಗಿರಬಹುದು, ಬಹಳ ಸಲ ಅವನೇ ಆಗಿರುತ್ತಾನೆ. ಗಾದೆಯ ಮೊದಲರ್ಧದಲ್ಲಿ ಇಷ್ಟು ಸಲೀಸಾಗಿ ಒಪ್ಪುವ ನಾವು ಎರಡನೆಯ ಅರ್ಧಕ್ಕೆ ಬಂದ ಕೂಡಲೇ ಅಳತೆಗೋಲು ಬದಲಿಸುತ್ತೇವೆ. ಮಾತು ಬಲ್ಲವನು ಎಂದರೆ ಮಾತುಗಾರ, ನಾಲ್ಕು ಜನರ ನಡುವೆ ಹರಟೆ ಹೊಡೆಯಬಲ್ಲವನು ಎಂದುಕೊಳ್ಳುತ್ತೇವೆ. ಮೊದಲರ್ಧದ ನ್ಯಾಯವನ್ನೇ ಎರಡನೆಯದಕ್ಕೂ ಹಚ್ಚಿದರೆ, ಮಾತಿನ ಹಸಿವು ಕಡಿಮೆ ಇರುವವರೂ ಮಾತು ಬಲ್ಲವರಾಗಲು ಅಡ್ಡಿಯಿಲ್ಲ. ಇಷ್ಟ ಬೇರೆ, ಬಲ್ಮೆ ಬೇರೆ. ಇಲ್ಲಿ ಇನ್ನೊಂದನ್ನೂ ಹೇಳಬೇಕು. ಗಾದೆ 'ಬಲ್ಲವನಿಗೆ' ಎಂದು ಗಂಡಸಿನ ಲೆಕ್ಕದಲ್ಲೇ ಮಾತಾಡುತ್ತದೆ, ನರ್ಸಿಂಗ್ ಓದುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಮಾತು ಕಡಿಮೆ ಇರುವ ಹುಡುಗ ನಮ್ಮಲ್ಲಿ ಗಂಭೀರ ಎನಿಸಿಕೊಳ್ಳುತ್ತಾನೆ, ಅದೇ ಸ್ವಭಾವದ ಹುಡುಗಿಗೆ ಬಿಗುಮಾನದವಳು ಎಂಬ ಪಟ್ಟ ಕಾದಿರುತ್ತದೆ. ಮೊದಲು ಹೇಳಿದ ಅಳುಕಿನಲ್ಲಿ ಅರ್ಧ ಈ ಪಟ್ಟದಿಂದಲೇ ಹುಟ್ಟಿದ್ದು.

ಆರೈಕೆಯ ಹಳೆಯ ಲೆಕ್ಕಗಳೂ ಮಾತುಗಾರಿಕೆಯನ್ನು ಕೇಳಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಸ್ಥಾತೃ ಅಂದರೆ ರೋಗಿಯ ಬಳಿ ನಿಂತು ನೋಡಿಕೊಳ್ಳುವವ, ಮತ್ತು ರೋಗಿ. ನೋಡಿಕೊಳ್ಳುವವನಿಗೆ ನಾಲ್ಕು ಗುಣ ಇರಬೇಕು ಎನ್ನುತ್ತದೆ: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯ ಮೇಲೆ ಅನುರಾಗ, ಶುಚಿತ್ವ. ಸರಸ ಸಲ್ಲಾಪ ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಯ ಫಲಕಗಳಲ್ಲಿ ಈಗ ಕಾಣುವ 'ಶುಶ್ರೂಷಾಧಿಕಾರಿ' ಎಂಬ ಪದದ ಬೇರು ಇನ್ನೂ ಸ್ವಾರಸ್ಯದ್ದು. ಶುಶ್ರೂಷೆ ಹುಟ್ಟಿದ್ದು ಸಂಸ್ಕೃತದ 'ಶ್ರು' ಧಾತುವಿನಿಂದ, ಅಂದರೆ ಕೇಳು. ಅದರ ಇಚ್ಛಾರ್ಥಕ ರೂಪ ಇದು: ಕೇಳಬೇಕೆಂಬ ಬಯಕೆ. ಗುರುವಿನ ಮಾತಿಗೆ ಕಿವಿಗೊಡುವುದು ಎಂಬಲ್ಲಿಂದ ಸೇವೆಗೆ, ಸೇವೆಯಿಂದ ರೋಗಿಯ ಆರೈಕೆಗೆ ಅರ್ಥ ಜಾರುತ್ತ ಬಂದಿದೆ. ಹೆಸರಿನ ಪ್ರಕಾರ ಈ ಕೆಲಸ ಬಾಯಿಯದಲ್ಲ, ಕಿವಿಯದು. ಪದದ ಬೇರು ಹಿಡಿದು ವೃತ್ತಿಯ ಸ್ವರೂಪ ಹೇಳುವುದು ಅಪಾಯದ ಆಟ, ಒಪ್ಪಿದೆ. ಆ ಲೆಕ್ಕದಲ್ಲಿ ಎಷ್ಟೋ ವೃತ್ತಿಗಳ ಹೆಸರು ನಗೆ ತರಿಸುತ್ತವೆ. ಆದರೆ ಇಲ್ಲಿ ಬೇರೂ ಕೆಲಸವೂ ಹೊಂದುತ್ತವೆ. ಹೊಟ್ಟೆನೋವು ಯಾವ ಕಡೆ, ಎಂದಿನಿಂದ, ಉಂಡ ಮೇಲೋ ಹಸಿದಾಗಲೋ ಎಂದು ಕೇಳಿ ಸುಮ್ಮನಾದರೆ ರೋಗಿ ಉಳಿದದ್ದನ್ನು ತಾನೇ ಹೇಳುತ್ತಾನೆ. ಸುಮ್ಮನಾಗುವುದು ಮಾತಿನ ಮಲ್ಲರಿಗೆ ಕಷ್ಟ, ಮೌನದ ಸ್ವಭಾವದವರಿಗೆ ಹುಟ್ಟಿನಿಂದ ಬಂದ ಬಂಡವಾಳ.

ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಈ ವಿಷಯದಲ್ಲಿ ಕಟುವಾಗಿಯೇ ಬರೆದಿದ್ದಾಳೆ. 1859ರಲ್ಲಿ ಹೊರಬಂದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ಅನವಶ್ಯಕ ಸದ್ದಿಗೆ ಒಂದು ಅಧ್ಯಾಯ, ರೋಗಿಯ ಬಳಿ ಬಂದು ಬರೀ ಭರವಸೆ, ಬರೀ ಬುದ್ಧಿಮಾತು ಒದರುವವರಿಗೆ ಇನ್ನೊಂದು ಅಧ್ಯಾಯ ಮೀಸಲಿಟ್ಟಿದ್ದಾಳೆ. ಬಾಗಿಲ ಹೊರಗೆ ನಿಂತು ಪಿಸುಗುಟ್ಟಬೇಡಿ, ರೋಗಿ ಕತ್ತು ತಿರುಗಿಸಬೇಕಾದ ಕಡೆ ನಿಂತು ಮಾತಾಡಬೇಡಿ, ಹೇಳಬೇಕಾದ್ದನ್ನು ಚುಟುಕಾಗಿ, ಖಚಿತವಾಗಿ ಹೇಳಿ ಎಂಬುದು ಅವಳ ಸಲಹೆಯ ಸಾರ. ಇದಕ್ಕಿಂತ ನೇರವಾಗಿ 'ಮಾತು ಬಲ್ಲವಳು' ಯಾರೆಂದು ಹೇಳಿದವರು ವಿರಳ. ಅವಳ ಬಾಳೂ ಒಂದು ಸಾಕ್ಷಿ. ಕ್ರಿಮಿಯಾ ಯುದ್ಧದಿಂದ 1856ರಲ್ಲಿ ಮರಳಿದ ಮೇಲೆ, 1857ರಲ್ಲಿ ಆರೋಗ್ಯ ಕುಸಿದು, ಮುಂದಿನ ಹಲವು ವರ್ಷ ಕೋಣೆ ಬಿಟ್ಟು ಹೊರಬಂದದ್ದು ಅಪರೂಪ. ಎಷ್ಟೋ ಜನರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದಳು, ಕಂಡರೂ ಒಬ್ಬೊಬ್ಬರನ್ನಾಗಿಯೇ ಕಂಡಳು. ಆ ಕೋಣೆಯಿಂದಲೇ, ಪತ್ರ ಮತ್ತು ಅಂಕಿಅಂಶಗಳ ಮೂಲಕ, ತಾನು ಒಮ್ಮೆಯೂ ಕಾಲಿಡದ ಭಾರತದ ನೈರ್ಮಲ್ಯಕ್ಕಾಗಿಯೂ ದುಡಿದಳು. ಅದು ಸ್ವಭಾವಕ್ಕಿಂತ ಕಾಯಿಲೆಯ ಫಲ, ಮೇಲಾಗಿ ಅವಳು ಹಾಸಿಗೆಯ ಪಕ್ಕ ನಿಂತು ದುಡಿದ ವರ್ಷಗಳು ಕೆಲವೇ ಎಂದು ಆಕ್ಷೇಪಿಸಬಹುದು. ಸರಿಯೇ. ಅವಳ ಬಾಳಿನಿಂದ ಹೆಚ್ಚು ಹಿಂಡುವುದು ಬೇಡ. ಪುಸ್ತಕದ ಸಲಹೆ ಮಾತ್ರ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ನರ್ಸಿಂಗ್ ಸಿದ್ಧಾಂತಿ ಹಿಲ್ಡೆಗಾರ್ಡ್ ಪೆಪ್ಲಾವ್ 1952ರ ತನ್ನ ಪುಸ್ತಕದಲ್ಲಿ ನರ್ಸಿಂಗ್ ಎಂಬುದೇ ಇಬ್ಬರು ಮನುಷ್ಯರ ನಡುವಿನ ಸಂಬಂಧದ ಪ್ರಕ್ರಿಯೆ ಎಂದಳು. ಇಂದಿಗೂ ನರ್ಸಿಂಗ್ ಕಾಲೇಜುಗಳಲ್ಲಿ ಈ ಸಿದ್ಧಾಂತ ಪಾಠವಾಗಿದೆ. ಸಂಬಂಧವೇ ಕೆಲಸವಾದರೆ ಸಂಬಂಧ ಬೇಡವೆನ್ನುವವರಿಗೆ ಅಲ್ಲೇನು ಕೆಲಸ? ನಮ್ಮ ವಾರ್ಡುಗಳಲ್ಲಂತೂ ಒಂದು ಹಾಸಿಗೆಯಲ್ಲಿ ಒಬ್ಬ ರೋಗಿ, ಅವನ ಸುತ್ತ ಹೆಂಡತಿ, ಭಾವಮೈದ, ಊರಿನಿಂದ ಬಂದ ದೊಡ್ಡಪ್ಪ. ಒಬ್ಬರಾದ ಮೇಲೆ ಒಬ್ಬರು ಬಂದು 'ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರೆ?' ಎನ್ನುತ್ತಾರೆ. ಸ್ವಲ್ಪ ಸಲಿಗೆಯಾದರೆ ನಿಮ್ಮ ಊರು ಯಾವುದಮ್ಮ, ಮದುವೆ ಆಗಿದೆಯಾ, ಸಂಬಳ ಎಷ್ಟು ಕೊಡ್ತಾರೆ ಎಂಬಲ್ಲಿಗೆ ಬರುತ್ತಾರೆ. ಆದರೆ ಪೆಪ್ಲಾವ್ ಹೇಳಿದ ಸಂಬಂಧವನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ನರ್ಸ್ ರೋಗಿಗೆ ಮೊದಲು ಅಪರಿಚಿತೆಯಾಗಿಯೇ ಎದುರಾಗುತ್ತಾಳೆ. ಆ ಸಂಬಂಧಕ್ಕೊಂದು ಮೊದಲಿದೆ, ಉದ್ದೇಶವಿದೆ, ಕೊನೆಯಿದೆ. ರೋಗಿ ತನ್ನ ಕಾಲ ಮೇಲೆ ನಿಂತ ದಿನ ಅದು ಮುಗಿಯಬೇಕು. ಮದುವೆಮನೆಯ ಮಾತುಕತೆಗೆ ಇವು ಮೂರೂ ಇಲ್ಲ. ಬೆರೆಯುವುದು ಬೇಡ ಎನ್ನುವವರಲ್ಲಿ ಬಹಳ ಜನರನ್ನು ದಣಿಸುವುದು ಮನುಷ್ಯರಲ್ಲ, ಏತಕ್ಕೆಂದು ತಿಳಿಯದ, ಯಾವಾಗ ಮುಗಿಯುತ್ತದೆಂದು ಗೊತ್ತಿಲ್ಲದ ಮಾತು. ಆಸ್ಪತ್ರೆಯ ಮಾತಿಗಾದರೋ ಅಚ್ಚು ಇದೆ. ಪಾಳಿ ಬದಲಾಗುವಾಗ ಅಥವಾ ವೈದ್ಯರಿಗೆ ಫೋನ್ ಮಾಡುವಾಗ ಬಳಸುವ ಎಸ್‌ಬಿಎಆರ್ ಎಂಬ ಕ್ರಮವನ್ನೇ ನೋಡಿ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಏನು ಮಾಡಬೇಕೆಂಬ ಸಲಹೆ. ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಹುಟ್ಟಿ, 2000ದ ದಶಕದ ಆರಂಭದಲ್ಲಿ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯ ಮೂಲಕ ಆಸ್ಪತ್ರೆಗೆ ಬಂದದ್ದು ಅದು. ನೀರಿನಡಿಯ ಉಕ್ಕಿನ ಡಬ್ಬಿಯಲ್ಲಿ ಹರಟೆಗೆ ಜಾಗವಿಲ್ಲದವರು ಕಂಡುಕೊಂಡ ಮಾತು ಇಂದು ವಾರ್ಡಿನ ಮಾತಾಗಿದೆ.

ಹಾಗಾದರೆ ಮಾತೇ ಇಲ್ಲದ ವಿಭಾಗ ಆರಿಸಿಕೊಂಡರಾಯಿತು, ಆಪರೇಷನ್ ಥಿಯೇಟರ್ ಇದೆ, ಐಸಿಯು ಇದೆ ಎಂದು ಸಮಾಧಾನ ಹೇಳುವವರಿದ್ದಾರೆ. ಆ ಸಮಾಧಾನ ಅರ್ಧ ಸತ್ಯ. ಅರಿವಳಿಕೆಯಲ್ಲಿರುವ ರೋಗಿ ಊರು ಕೇಳುವುದಿಲ್ಲ ನಿಜ, ಆದರೆ ಶಸ್ತ್ರಚಿಕಿತ್ಸೆ ಮುಗಿಯುವ ಮೊದಲು ಗಾಜ್ ಲೆಕ್ಕ ಒಂದು ಕಡಿಮೆ ಬಂದರೆ ಅದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕಾದವಳು ಅಲ್ಲಿನ ಸಿಸ್ಟರೇ. ವೆಂಟಿಲೇಟರ್ ಮೇಲಿರುವ ರೋಗಿ ಮಾತಾಡಲಾರ. ಅವನ ಪರವಾಗಿ ಹೊರಗೆ ಕಾದವರಿಗೆ ಯಾರಾದರೂ ಮಾತಾಡಲೇಬೇಕು. ಮನುಷ್ಯರ ಗೊಡವೆಯೇ ಬೇಡವೆಂದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ದಾರಿ ಹಿಡಿದರೂ ಬಿಡುಗಡೆಯಿಲ್ಲ, ಹಸುವಿನ ಹಿಂದೆ ಯಜಮಾನ ಬರುತ್ತಾನೆ, ನಾಯಿಯ ಹಿಂದೆ ಇಡೀ ಸಂಸಾರವೇ ಬರುತ್ತದೆ. ಮೇಲಾಗಿ ವಿಭಾಗ ಆರಿಸಿಕೊಳ್ಳುವ ದಿನ ಬರುವುದು ಓದು ಮುಗಿದ ಮೇಲೆ. ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್‌ನಲ್ಲಿ ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಮನೋರೋಗ ವಿಭಾಗ, ಮನೆಮನೆ ತಿರುಗುವ ಸಮುದಾಯ ಆರೋಗ್ಯ ಎಲ್ಲವನ್ನೂ ದಾಟಲೇಬೇಕು. 2021ರ ಹೊಸ ಪಠ್ಯಕ್ರಮದ ಮೊದಲ ಸೆಮಿಸ್ಟರಿನಲ್ಲೇ ಕಮ್ಯುನಿಕೇಟಿವ್ ಇಂಗ್ಲಿಷ್ ಎಂಬ ವಿಷಯವಿದೆ. ಉತ್ತರ ಬೆಂಗಳೂರಿನ ವಾರ್ಡಿನಲ್ಲಿ ನೋವು ಹೇಳಿಕೊಳ್ಳುವವರು ಕನ್ನಡ, ತೆಲುಗು, ಉರ್ದು, ತಮಿಳು, ಹಿಂದಿಯಲ್ಲಿ ಹೇಳುತ್ತಾರೆ, ಅದು ಬೇರೆ ಮಾತು. ಕೇರಳದಿಂದ ಬಂದ ಎಷ್ಟೋ ಸಿಸ್ಟರ್‌ಗಳು 'ನೋವು ಉಂಟಾ', 'ಊಟ ಆಯ್ತಾ' ಎಂಬ ನಾಲ್ಕಾರು ಕನ್ನಡ ವಾಕ್ಯಗಳಲ್ಲೇ ಕೆಲಸ ಶುರುಮಾಡುತ್ತಾರೆ. ನುಡಿ ಅಷ್ಟು ಕಡಿಮೆಯಿದ್ದರೂ ಆರೈಕೆ ನಡೆಯುತ್ತದೆ ಎಂಬುದು ನಮ್ಮ ವಾದಕ್ಕೆ ಕಣ್ಣೆದುರಿನ ಪುರಾವೆ.

ಈಗ ಗಾದೆಯನ್ನೇ ಸ್ವಲ್ಪ ತರಾಟೆಗೆ ತೆಗೆದುಕೊಳ್ಳಬೇಕು. ಅದರ ಎರಡೂ ಅರ್ಧಗಳು ಹೆಚ್ಚೇ ಮಾತು ಕೊಡುತ್ತವೆ. ಹುಟ್ಟುವಾಗಲೇ ಹೃದಯದಲ್ಲಿ ರಂಧ್ರವಿರುವ ಕೂಸು ಊಟದಲ್ಲಿ ಏನು ತಪ್ಪು ಮಾಡಿತ್ತು? ಎಂಟು ವರ್ಷದ ಮಗುವಿಗೆ ಟೈಪ್ 1 ಮಧುಮೇಹ ಬಂದಾಗ ತಾಯಿಗೆ ಈ ಗಾದೆ ಹೇಳುವ ಸಿಸ್ಟರ್ ಊಟವನ್ನೂ ಬಲ್ಲವಳಲ್ಲ, ಮಾತನ್ನೂ ಬಲ್ಲವಳಲ್ಲ. ಎರಡನೆಯ ಅರ್ಧವೂ ಹಾಗೆಯೇ. ವೈದ್ಯರು, ನರ್ಸ್‌ಗಳ ಮೇಲಿನ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಏಟು ತಿಂದವರೆಲ್ಲ ಮಾತು ಬಾರದವರೆಂದು ಯಾರೂ ಹೇಳಲಾರರು. ಇನ್ನೂ ಮುಖ್ಯವಾದದ್ದು, ಜಗಳವಿಲ್ಲದಿರುವುದೇ ಯಾವಾಗಲೂ ಒಳ್ಳೆಯದಲ್ಲ. ಚೀಟಿಯಲ್ಲಿ ಬರೆದ ಚುಚ್ಚುಮದ್ದಿನ ಪ್ರಮಾಣ ಹತ್ತು ಪಟ್ಟು ಹೆಚ್ಚಿದೆ ಎಂಬ ಅನುಮಾನ ರಾತ್ರಿ ಮೂರು ಗಂಟೆಗೆ ಬಂದರೆ, ಸಿಡುಕುವ ವೈದ್ಯರನ್ನು ಎಬ್ಬಿಸಿ, ಬೈಸಿಕೊಂಡು, ಮತ್ತೆ ಕೇಳುವವಳೇ ಮಾತು ಬಲ್ಲವಳು. ಸ್ವಭಾವದ ಮೌನಕ್ಕೂ ಭಯದ ಮೌನಕ್ಕೂ ಇಲ್ಲಿ ದಾರಿ ಕವಲೊಡೆಯುತ್ತದೆ. ಮೊದಲನೆಯದು ಹರಟೆ ಬೇಡ ಎನ್ನುತ್ತದೆ, ಬೇಕಾದಾಗ ಬಾಯಿ ತೆರೆಯುತ್ತದೆ. ಎರಡನೆಯದು ಬೇಕಾದಾಗಲೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆ ಚುಚ್ಚುಮದ್ದು ರಕ್ತಕ್ಕೆ ಸೇರಿಬಿಡುತ್ತದೆ. ಭಯ ಇದ್ದವರು ಈ ಓದಿಗೆ ಬರಲೇಬಾರದು ಎನ್ನುವುದು ಕ್ರೌರ್ಯ, ಏಕೆಂದರೆ ಭಯಕ್ಕೆ ಮದ್ದಿದೆ, ಅಭ್ಯಾಸವಿದೆ. ಆದರೆ ಅದನ್ನು 'ನನ್ನ ಸ್ವಭಾವವೇ ಹೀಗೆ' ಎಂದು ಮುಚ್ಚಿಟ್ಟುಕೊಂಡು ವಾರ್ಡಿಗೆ ಕಾಲಿಡುವುದು ರೋಗಿಗೆ ಅಪಾಯ. ಮೂರನೆಯ ಬಗೆಯವರೂ ಇದ್ದಾರೆ. ಅವರಿಗೆ ಮಾತೂ ಇದೆ, ಭಯವೂ ಇಲ್ಲ. ಇನ್ನೊಬ್ಬರ ಮಲ, ವಾಂತಿ, ಗೋಳು ಮೈಮೇಲೆ ಬರುವುದೇ ಅಸಹ್ಯ. ಚರಕ ಕೇಳಿದ ಅನುರಾಗ ಇಲ್ಲದಿರುವುದು ಇವರಲ್ಲಿ. ಎಷ್ಟು ಲವಲವಿಕೆಯಿಂದ ಮಾತಾಡಿದರೂ ಈ ಕೆಲಸ ಇವರದಲ್ಲ.

ಲೆಕ್ಕಕ್ಕೆ ಬಾರದ ದಣಿವೊಂದು ಉಳಿಯುತ್ತದೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಕೆಲಸವನ್ನು ಅಧ್ಯಯನ ಮಾಡಿ, ಸಂಬಳಕ್ಕಾಗಿ ಮುಖದ ಮೇಲೆ ಭಾವ ಹೊರುವುದೂ ದುಡಿಮೆಯೇ ಎಂದು ತೋರಿಸಿದಳು. ನಗುಮುಖದ ಸೇವೆಯನ್ನೇ ಮಾರುವ ಆಸ್ಪತ್ರೆಗಳಿಗೂ ಅದು ಅನ್ವಯಿಸುತ್ತದೆ. ಅಲ್ಲಿ ಮೌನಿಯನ್ನು ಹಿಂಡುವುದು ರೋಗಿಯ ಪ್ರಶ್ನೆಯಲ್ಲ, ಡಿಸ್ಚಾರ್ಜ್ ಹೊತ್ತಿಗೆ ಕೈಗೆ ಬರುವ ಅಭಿಪ್ರಾಯದ ಫಾರಂ. ಪಾಳಿ ಮುಗಿದ ಮೇಲೆ ಅಂಥವರಿಗೆ ಬೇಕಾದದ್ದು ಯಾರೂ ಮಾತಾಡಿಸದ ಒಂದು ಗಂಟೆ. ಆ ಒಂದು ಗಂಟೆ ಎಲ್ಲಿಂದ ತರುವುದು? ವಾರ್ಡಿನ ಮಾತಿಗೆ ಕೊನೆಯಿದೆ, ಪರದೆ ಎಳೆದು ಹೊರಡಬಹುದು. ಮೂರು ಮಂಚ, ಮೂರು ಫೋನು, ಒಂದು ಕನ್ನಡಿ ಇರುವ ಹಾಸ್ಟೆಲ್ ಕೋಣೆಯಲ್ಲಿ ಎಳೆದುಕೊಳ್ಳಲು ಪರದೆಯೂ ಇರುವುದಿಲ್ಲ. ಸೀಟು ಸಿಕ್ಕ ಮೌನಿ ವಿದ್ಯಾರ್ಥಿನಿ ರೋಗಿಗಳಿಗೆ ಹೆದರುವ ಬದಲು, ಫೀಸು ಕಟ್ಟುವ ಮೊದಲು ಹಾಸ್ಟೆಲ್ಲಿನ ಮೇಲಂತಸ್ತಿಗೆ ಹೋಗಿ, ಕೋಣೆಗೆ ಎಷ್ಟು ಮಂಚವಿದೆ ಎಂದು ಎಣಿಸಿಕೊಂಡು ಬರಲಿ.