ನೇಗಿಲ ಕುದುರೆಗೆ ಕುಲವೇಕೆ?

ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿರುವ ಒಟಾಗೊ ಮತ್ತು ಸೌತ್‌ಲ್ಯಾಂಡ್ ಪ್ರಾಂತ್ಯಗಳ ನೂರು ವರ್ಷಕ್ಕೂ ಹಳೆಯ ಪತ್ರಿಕೆಗಳನ್ನು ಆ ದೇಶದ ರಾಷ್ಟ್ರೀಯ ಗ್ರಂಥಾಲಯ ‘ಪೇಪರ್ಸ್ ಪಾಸ್ಟ್’ ಎಂಬ ತಾಣದಲ್ಲಿ ಇಟ್ಟಿದೆ. ಯಾರು ಬೇಕಾದರೂ ಓದಬಹುದು. ಅವುಗಳ ವಸಂತಕಾಲದ ಸಂಚಿಕೆಗಳಲ್ಲಿ, ಎಂದರೆ ಅಲ್ಲಿನ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಒಂದು ಬಗೆಯ ಜಾಹೀರಾತು ಸಾಲುಸಾಲಾಗಿ ಕಾಣುತ್ತದೆ. ಮೇಲೆ ಒಂದು ಗಂಡು ಕುದುರೆಯ ಹೆಸರು. ಅದರ ಕೆಳಗೆ ಬಣ್ಣ, ಎತ್ತರ, ಕಾಲಿನ ಮೂಳೆಯ ಗಟ್ಟಿತನ. ಆಮೇಲೆ ತಂದೆ ಯಾರು, ತಾಯಿಯ ತಂದೆ ಯಾರು, ಅಜ್ಜಿಯ ತಂದೆ ಯಾರು, ಯಾವ ಪ್ರದರ್ಶನದಲ್ಲಿ ಯಾರಿಗೆ ಬಹುಮಾನ ಬಂದಿತ್ತು ಎಂಬ ವಿವರ. ಕೊನೆಯಲ್ಲಿ ಕುದುರೆ ಯಾವ ದಿನ ಯಾವ ಊರಿಗೆ ಬರುತ್ತದೆ, ಶುಲ್ಕ ಎಷ್ಟು ಗಿನಿ, ಆಳಿಗೆ ಕೊಡಬೇಕಾದ್ದು ಎಷ್ಟು ಎಂಬುದು.

ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಭಾನುವಾರದ ಪತ್ರಿಕೆಗಳ ವಧೂವರರ ಅಂಕಣ. ಅಲ್ಲಿಯೂ ಬಣ್ಣ, ಎತ್ತರ, ಮನೆತನ. ನಗು ಬಂತು. ಆದರೆ ಆ ಹೋಲಿಕೆ ನಗುವಿಗಿಂತ ಹೆಚ್ಚು ಹೊತ್ತು ಮನಸ್ಸಿನಲ್ಲಿ ಉಳಿಯಿತು. ಒಂದು ಜೀವದ ಬಗ್ಗೆ ಅದರ ವಂಶಾವಳಿ ನಿಜವಾಗಿ ಏನನ್ನು ಹೇಳುತ್ತದೆ? ಅದು ಹೇಳದಿರುವ ಏನನ್ನು ನಾವು ಅದರ ಬಾಯಿಂದ ಹೇಳಿಸುತ್ತೇವೆ?

ಮೊದಲು ಆ ಜಾಹೀರಾತಿನ ಹಿಂದಿದ್ದ ಬದುಕನ್ನು ನೋಡಬೇಕು. ಸ್ಕಾಟ್ಲೆಂಡಿನ ವಲಸಿಗರು 1848ರಲ್ಲಿ ಒಟಾಗೊದಲ್ಲಿ ಡನೆಡಿನ್ ಪಟ್ಟಣವನ್ನು ಕಟ್ಟಿದರು. ಹುಲ್ಲುಗಾವಲನ್ನು ಉತ್ತು ಓಟ್ಸ್, ಗೋಧಿ ಬೆಳೆಯತೊಡಗಿದರು. ನಮ್ಮಲ್ಲಿ ನೇಗಿಲಿಗೆ ಎತ್ತು ಹೇಗೋ, ಅವರಿಗೆ ಕುದುರೆ ಹಾಗೆ. ಅವರು ನೆಚ್ಚಿದ್ದು ತಮ್ಮ ತಾಯ್ನಾಡಿನ ಕ್ಲೈಡ್ಸ್‌ಡೇಲ್ ತಳಿಯನ್ನು. ಹತ್ತಿರ ಹತ್ತಿರ ಒಂದು ಟನ್ ತೂಗುವ, ಮೊಣಕಾಲಿನ ಕೆಳಗೆ ರೇಷ್ಮೆಯಂಥ ಕೂದಲು ಜೋಲುವ, ಆದರೂ ಹಗುರವಾಗಿ ಹೆಜ್ಜೆ ಹಾಕುವ ಕುದುರೆ ಅದು. 1911ರ ಹೊತ್ತಿಗೆ ನ್ಯೂಜಿಲೆಂಡಿನಲ್ಲಿ 4 ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು.

ಎಲ್ಲ ರೈತರೂ ಬೀಜದ ಕುದುರೆ ಸಾಕಲಾರರು. ಹಾಗಾಗಿ ಬೀಜದ ಕುದುರೆಯೇ ಊರೂರು ತಿರುಗುತ್ತಿತ್ತು. ಒಬ್ಬ ಆಳು ಅದರ ಲಗಾಮು ಹಿಡಿದು, ಸುಮಾರು ಮೂರು ತಿಂಗಳು, ಗೊತ್ತುಪಡಿಸಿದ ದಾರಿಯಲ್ಲಿ ಹೊಲದಿಂದ ಹೊಲಕ್ಕೆ ನಡೆಸಿಕೊಂಡು ಹೋಗುತ್ತಿದ್ದ. ರೈತ ತನ್ನ ಹೆಣ್ಣು ಕುದುರೆಯನ್ನು ತಂದು ನಿಲ್ಲಿಸುತ್ತಿದ್ದ. ಮರಿ ಹುಟ್ಟಲು ಹನ್ನೊಂದು ತಿಂಗಳು. ಆ ಮರಿ ನೊಗಕ್ಕೆ ಹೆಗಲು ಕೊಡಲು ಇನ್ನೂ ಮೂರು ವರ್ಷ. ರೈತ ಇವತ್ತು ಕೊಟ್ಟ ಹಣ ಸಾರ್ಥಕವಾಯಿತೇ ಎಂದು ತಿಳಿಯುವಷ್ಟರಲ್ಲಿ ನಾಲ್ಕು ವರ್ಷ ಕಳೆದು, ಆ ಬೀಜದ ಕುದುರೆ ಎಲ್ಲಿಗೋ ಹೋಗಿರುತ್ತಿತ್ತು, ಇಲ್ಲವೇ ಸತ್ತಿರುತ್ತಿತ್ತು.

ವಂಶಾವಳಿಯ ನಿಜವಾದ ಉಪಯೋಗ ಇಲ್ಲಿದೆ. ಅದು ಬಡಾಯಿಯಾಗಿ ಹುಟ್ಟಿದ್ದಲ್ಲ, ಜಾಮೀನಾಗಿ ಹುಟ್ಟಿದ್ದು. ಹಳೆಯ ಊರಿನಲ್ಲಿ ಯಾರ ಕುದುರೆ ಎಂಥದ್ದು ಎಂಬುದು ಎಲ್ಲರ ನೆನಪಿನಲ್ಲಿರುತ್ತದೆ. ವಲಸೆಯ ನಾಡಿನಲ್ಲಿ ಯಾರಿಗೂ ಯಾರ ಹಿಂದುಮುಂದೂ ತಿಳಿಯದು. ಅಲ್ಲಿ ನೆನಪಿನ ಕೆಲಸವನ್ನು ಪುಸ್ತಕ ಮಾಡಬೇಕು. ಸ್ಕಾಟ್ಲೆಂಡಿನಲ್ಲಿ 1877ರಲ್ಲಿ ಕ್ಲೈಡ್ಸ್‌ಡೇಲ್ ಸೊಸೈಟಿ ಹುಟ್ಟಿ, ಮರುವರ್ಷ ಮೊದಲ ವಂಶಪುಸ್ತಕ ಬಂತು. ನ್ಯೂಜಿಲೆಂಡಿಗೆ ತನ್ನದೇ ಸೊಸೈಟಿ ಬಂದದ್ದು 1911ರಲ್ಲಿ.

ಹಾಗೆಂದು ಆ ಪುಸ್ತಕ ಬರೀ ಮೂಢನಂಬಿಕೆಯಲ್ಲ. ಗೊರಸಿನ ಬಳಿ ಮೂಳೆ ಬೆಳೆದು ಕುಂಟುವ ದೋಷ ತಂದೆತಾಯಿಯಿಂದ ಮರಿಗೆ ಇಳಿಯಬಲ್ಲದು ಎಂದು ರೈತರು ಅನುಭವದಿಂದ ಬಲ್ಲವರಾಗಿದ್ದರು. 1918ರಲ್ಲಿ ಬ್ರಿಟನ್ ಪರವಾನಗಿಯಿಲ್ಲದ ಬೀಜದ ಕುದುರೆಯನ್ನು ತಿರುಗಿಸಬಾರದೆಂದು ಕಾನೂನನ್ನೇ ಮಾಡಿತು. ‘ಹುಟ್ಟಿನಿಂದ ಏನೂ ಬರುವುದಿಲ್ಲ’ ಎಂದು ಸುಲಭವಾಗಿ ಹೇಳಿಬಿಡುವವರಿಗೆ ಈ ಕುಂಟು ಕಾಲು ಅಡ್ಡ ಬರುತ್ತದೆ. ಅದನ್ನು ಒಪ್ಪಿಕೊಂಡೇ ನಾವು ಮುಂದೆ ಯೋಚಿಸಬೇಕು.

ಆದರೆ ಜಾಮೀನು ಮೆಲ್ಲಗೆ ಕಿರೀಟವಾಗುತ್ತದೆ. ಕ್ಲೈಡ್ಸ್‌ಡೇಲ್ ತಳಿಯ ಮೂಲಪುರುಷರೆಂದು ಎರಡು ಕುದುರೆಗಳನ್ನು ಹೇಳುತ್ತಾರೆ: 1866ರಲ್ಲಿ ಹುಟ್ಟಿದ ಪ್ರಿನ್ಸ್ ಆಫ್ ವೇಲ್ಸ್, 1872ರಲ್ಲಿ ಹುಟ್ಟಿದ ಡಾರ್ನ್‌ಲಿ. ಒಂದರ ಹೆಣ್ಣುಮಕ್ಕಳನ್ನು ಇನ್ನೊಂದಕ್ಕೆ ಕೂಡಿಸಿ ಕೂಡಿಸಿ ಈ ತಳಿಯ ಇಂದಿನ ರೂಪ ಬಂತು. ಪ್ರಿನ್ಸ್ ಆಫ್ ವೇಲ್ಸ್‌ನ ಅಜ್ಜಿಯರು ಇಂಗ್ಲೆಂಡಿನ ಶೈರ್ ತಳಿಯವರು ಎಂಬ ಮಾತು ಆಗಲೇ ಇತ್ತು. ಅದರ ಒಡೆಯ ಲಾರೆನ್ಸ್ ಡ್ರೂ ಅದಕ್ಕೆ ನಾಚಿಕೊಂಡವನಲ್ಲ. ಎರಡು ತಳಿಗಳ ಬೇರು ಒಂದೇ ಎಂಬುದು ಅವನ ನಂಬಿಕೆ. ಇಂಗ್ಲೆಂಡಿನಿಂದ ಶೈರ್ ಹೆಣ್ಣುಗಳನ್ನು ಕೊಂಡು ತಂದು ಬೆರಕೆ ಮಾಡಿದ. ಎಂದರೆ, ಯಾವ ಕುದುರೆಯ ಹೆಸರನ್ನು ಶುದ್ಧತೆಯ ಗುರುತೆಂದು ಒಟಾಗೊದ ಜಾಹೀರಾತುಗಳು ಹೊತ್ತು ತಿರುಗಿದವೋ ಆ ಕುದುರೆಯೇ ಬೆರಕೆಯದಾಗಿರಬಹುದು. ಪುಸ್ತಕ ತೆರೆದ ದಿನ ಒಳಗಿದ್ದವರು ಶುದ್ಧರು, ಮರುದಿನ ಬಂದವರು ಹೊರಗಿನವರು. ಶುದ್ಧತೆ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ತಾರೀಖಿನಲ್ಲಿ ಇರುತ್ತದೆ. ಇದು ಕುದುರೆಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ ಎಂದು ಕನ್ನಡದ ಓದುಗರಿಗೆ ಹೇಳಬೇಕಿಲ್ಲ.

ಕಿರೀಟಕ್ಕೆ ಬೆಲೆಯೂ ಬಂತು. ಬ್ಯಾರನ್ ಆಫ್ ಬಕ್ಲೈವಿ ಎಂಬ ಕುದುರೆಗಾಗಿ ಇಬ್ಬರು ಪಾಲುದಾರರು ನಡೆಸಿದ ವ್ಯಾಜ್ಯ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಕೊನೆಗೆ 1911ರಲ್ಲಿ ಏರ್ ಪಟ್ಟಣದ ಹರಾಜಿನಲ್ಲಿ ಅದು 9,500 ಪೌಂಡಿಗೆ ಮಾರಾಟವಾಯಿತು. ಮೂರು ವರ್ಷಕ್ಕೆ ಒಂದು ಹೆಣ್ಣು ಕುದುರೆ ಒದ್ದು ಅದರ ಕಾಲು ಮುರಿಯಿತು, ಕೊಲ್ಲಬೇಕಾಯಿತು. ಅದರ ಅಸ್ಥಿಪಂಜರ ಈಗ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯದಲ್ಲಿದೆ. ಒದ್ದವಳಿಗೆ ಚರಿತ್ರೆಯಲ್ಲಿ ಅಂಥ ಜಾಗ ಸಿಗಲಿಲ್ಲ. ಜಾಹೀರಾತುಗಳಲ್ಲಿಯೂ ಹೀಗೆಯೇ: ತಾಯಿ ಬರುವುದು ತನ್ನ ತಂದೆಯ ಹೆಸರನ್ನು ಹೇಳಿ ಹೋಗಲಿಕ್ಕೆ. ಮರಿಯ ಅರ್ಧ ಅವಳದು. ಬಸಿರಿನಲ್ಲೂ ನೇಗಿಲು ಎಳೆದವಳು ಅವಳು.

ಇಷ್ಟೇ ಆಗಿದ್ದರೆ ಇದು ಲಾಯದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಲಾಯದಲ್ಲಿ ಕಲಿತ ಯೋಚನೆ ಮನೆಯೊಳಕ್ಕೆ ನಡೆದು ಬಂತು. ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ‘ಯುಜೆನಿಕ್ಸ್’ ಎಂಬ ಪದವನ್ನು ಹುಟ್ಟಿಸಿದ: ಜಾನುವಾರುಗಳ ತಳಿಯನ್ನು ಸುಧಾರಿಸುವಂತೆ ಮನುಷ್ಯರ ತಳಿಯನ್ನೂ ಸುಧಾರಿಸಬೇಕೆಂಬ ವಾದ. ಇದೇ ಡನೆಡಿನ್ನಿನಲ್ಲಿ 1910ರಲ್ಲಿ ಯುಜೆನಿಕ್ಸ್ ಸಂಘದ ಶಾಖೆ ತೆರೆಯಿತು. 1928ರಲ್ಲಿ ನ್ಯೂಜಿಲೆಂಡಿನ ಸಂಸತ್ತಿನ ಮುಂದೆ ಬಂದ ಒಂದು ಮಸೂದೆಯಲ್ಲಿ, ಬುದ್ಧಿಮಾಂದ್ಯರೆಂದು ಪಟ್ಟಿ ಮಾಡಿದವರಿಗೆ ಸಂತಾನಹರಣ ಚಿಕಿತ್ಸೆ ಮಾಡುವ ಪ್ರಸ್ತಾಪವೂ ಇತ್ತು. ವಿರೋಧ ಎದ್ದು ಆ ಭಾಗ ಬಿದ್ದುಹೋಯಿತು.

ಹೀಗೆ ಯೋಚಿಸಿದವರು ಎಡವಿದ್ದು ಎಲ್ಲಿ? ಅನುವಂಶೀಯತೆ ಸುಳ್ಳು ಎಂಬುದರಲ್ಲಿ ಅಲ್ಲ. ‘ಒಳ್ಳೆಯದು’ ಎಂಬ ಮಾತಿನಲ್ಲಿ. ಒಳ್ಳೆಯ ನೇಗಿಲ ಕುದುರೆ ಯಾವುದು ಎಂದು ಹೇಳಬಹುದು, ಏಕೆಂದರೆ ಅದು ಯಾತಕ್ಕೆ ಬೇಕೆಂದು ನಾವು ಮೊದಲೇ ತೀರ್ಮಾನಿಸಿದ್ದೇವೆ. ನೇಗಿಲು ಅದರದಲ್ಲ, ನಮ್ಮದು. ಅಳತೆಗೋಲು ಹೊರಗಿನಿಂದ ಬಂದದ್ದು. ಕುದುರೆಗೂ ಇದು ಪೂರ್ತಿ ನ್ಯಾಯವೇ ಎಂಬುದು ಬೇರೆ ಪ್ರಶ್ನೆ. ಮನುಷ್ಯನ ವಿಷಯದಲ್ಲಿ ಆ ನೇಗಿಲು ಯಾವುದು? ಅದರ ಹಿಡಿ ಯಾರ ಕೈಯಲ್ಲಿದೆ? ಒಬ್ಬ ಮನುಷ್ಯನ ಕುಲ ಕೇಳುವವನು ತನಗೆ ತಿಳಿದೋ ತಿಳಿಯದೆಯೋ ಒಂದು ನೊಗವನ್ನು ಕೈಯಲ್ಲಿ ಹಿಡಿದೇ ಕೇಳುತ್ತಾನೆ.

ವಂಶಾವಳಿಯನ್ನು ಬೇರೆ ಬಗೆಯಲ್ಲಿ ಹಿಡಿಯಲು ಸಾಧ್ಯವೇ ಎಂದರೆ, ಅದರ ಉತ್ತರ ಅದೇ ಜಿಲ್ಲೆಯ ಅದೇ ಮಣ್ಣಿನಲ್ಲಿತ್ತು. ಅಲ್ಲಿನ ಮೂಲ ಜನ ನಾಯ್ ತಾಹು ಮಾವೊರಿಗಳು. ಮಾವೊರಿಗಳು ವಂಶಾವಳಿಗೆ ‘ಫಾಕಪಾಪ’ ಎನ್ನುತ್ತಾರೆ. ಪದರದ ಮೇಲೆ ಪದರ ಇಡುವುದು ಎಂದು ಅದರ ಅರ್ಥ. ಅದರಲ್ಲಿ ಹಿರಿಯರ ಜೊತೆಗೆ ಬೆಟ್ಟ, ಹೊಳೆಗಳೂ ನಂಟರಾಗಿ ಬರುತ್ತವೆ. ನಾನು ಯಾರಿಗೆ ಸೇರಿದವನು, ಯಾವುದನ್ನು ಕಾಯಬೇಕಾದವನು ಎಂದು ಅದು ಹೇಳುತ್ತದೆ. ಆದರೆ 1844ರಲ್ಲಿ ಒಟಾಗೊದ 4 ಲಕ್ಷ ಎಕರೆ ನೆಲ 2,400 ಪೌಂಡಿಗೆ ಕೈಬದಲಾಗಿತ್ತು. ಒಂದು ಕುದುರೆಗೆ 1911ರಲ್ಲಿ ಸಿಕ್ಕ ಬೆಲೆ ಇದರ ನಾಲ್ಕು ಪಟ್ಟಿಗೆ ಹತ್ತಿರ. 1865ರ ನಂತರ ಮಾವೊರಿಗಳು ತಮ್ಮ ನೆಲದ ಹಕ್ಕನ್ನು ಭೂ ನ್ಯಾಯಾಲಯದಲ್ಲಿ ಸಾಬೀತುಪಡಿಸಲು ಫಾಕಪಾಪವನ್ನು ಒಪ್ಪಿಸಬೇಕಾಯಿತು. ಕುದುರೆಯ ಮುತ್ತಜ್ಜನ ಹೆಸರು ಪತ್ರಿಕೆಯಲ್ಲಿ ಪ್ರಶ್ನೆಯಿಲ್ಲದೆ ಅಚ್ಚಾಗುತ್ತಿದ್ದ ಕಾಲದಲ್ಲಿ ಮನುಷ್ಯರ ಮುತ್ತಜ್ಜನಿಗೆ ಸಾಕ್ಷಿ ಬೇಕಾಗಿತ್ತು. ನಾಯ್ ತಾಹು ಜನರ ದೂರಿಗೆ ಸರ್ಕಾರ ಕ್ಷಮೆ ಕೇಳಿ ಪರಿಹಾರದ ಕಾನೂನು ಮಾಡಿದ್ದು 1998ರಲ್ಲಿ.

ಕುದುರೆಗಳ ಕಥೆ ಅದಕ್ಕೂ ಮೊದಲೇ ಮುಗಿದಿತ್ತು. ಟ್ರ್ಯಾಕ್ಟರ್ ಬಂತು. 1949ರ ಹೊತ್ತಿಗೆ ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ಕ್ಲೈಡ್ಸ್‌ಡೇಲ್ ಬೀಜದ ಕುದುರೆಗಳು ತೀರ ಕಡಿಮೆಯಾಗಿದ್ದವು. ನೇಗಿಲು ಬೇಡವಾದ ದಿನ ಎಷ್ಟು ತಲೆಮಾರಿನ ವಂಶಾವಳಿಯೂ ಅವುಗಳನ್ನು ಉಳಿಸಲಿಲ್ಲ. ಮುಂದೆ ಉಳಿದದ್ದು ಅವುಗಳನ್ನು ಸುಮ್ಮನೆ ಪ್ರೀತಿಸಿದ ಕೆಲವರಿಂದ.

ಆ ಜಾಹೀರಾತುಗಳನ್ನು ಈಗ ಓದುವಾಗ ನನ್ನ ಕಣ್ಣು ಹೆಸರುಗಳ ಮೇಲೆ ನಿಲ್ಲದೆ ಕೊನೆಯ ಸಾಲಿಗೆ ಹೋಗುತ್ತದೆ. ಅಲ್ಲಿ ಆಳಿನ ಕೂಲಿ ಇದೆ, ಅವನ ಹೆಸರಿಲ್ಲ. ವಸಂತದ ಮಳೆಯಲ್ಲಿ, ಕೆಸರು ದಾರಿಯಲ್ಲಿ, ಒಂದು ಟನ್ ತೂಕದ ಜೀವದ ಪಕ್ಕದಲ್ಲಿ ಅವನು ನಡೆಯುತ್ತಿದ್ದ. ಕುದುರೆಯ ತಾತನ ಹೆಸರು ಅವನಿಗೆ ಬಾಯಿಪಾಠವಿದ್ದಿರಬೇಕು. ಅವನ ತಾತನ ಹೆಸರನ್ನು ದಾರಿಯಲ್ಲಿ ಯಾರೂ ಕೇಳದೆ ಇದ್ದಿದ್ದರೆ, ಆ ಹೊಸ ನಾಡು ಅವನಿಗೆ ಕೊಟ್ಟ ಅತ್ಯಂತ ಒಳ್ಳೆಯ ವಸ್ತು ಬಹುಶಃ ಅದೇ.