ಸಾಲ ತೀರಿಸದವನಿಗೆ ಪುಕ್ಕಟೆ ವಕೀಲ ಯಾಕೆ?

ಕಂತು ಕಟ್ಟಲಾಗದೆ ಮನೆ ಕಳೆದುಕೊಳ್ಳುವ ಹಂತಕ್ಕೆ ಬಂದವನಿಗೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವುದು ಸರಿಯೇ? ಪುಣೆಯ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಬಂದಾಗ ಹೆಚ್ಚಿನವರು ಸರಿಯಲ್ಲ ಅಂದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು, ಚಾಚಲಿಲ್ಲ. ಅದಕ್ಕೆ ನಮ್ಮ ತೆರಿಗೆ ಹಣ ಯಾಕೆ ಹೋಗಬೇಕು? ಪ್ರಶ್ನೆ ಒರಟಾದರೂ ಪೊಳ್ಳಲ್ಲ. ಊರಿಗೆ ಹೋಗುವುದನ್ನೂ ಕಡಿಮೆ ಮಾಡಿ ತಿಂಗಳು ತಿಂಗಳು ಇಎಂಐ ಕಟ್ಟುವವರಿಗೆ ಹಾಗನ್ನಿಸುವುದು ಸಹಜ.

ಆದರೆ ವಕೀಲರು ಬಂದರೆ ಸಾಲ ಮಾಯವಾಗುತ್ತದೆ ಎಂಬ ತಪ್ಪು ಎಣಿಕೆ ಅದರೊಳಗಿದೆ. ಸಾಲ ಎಲ್ಲಿಗೂ ಹೋಗುವುದಿಲ್ಲ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ, ಸಾಲ ಎನ್‌ಪಿಎ ಆದ ಮೇಲೆ ಬ್ಯಾಂಕು ಸಿವಿಲ್ ದಾವೆ ಹೂಡದೆಯೇ ಅಡವಿಟ್ಟ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಅದಕ್ಕೆ ಮೊದಲು 60 ದಿನಗಳ ನೋಟಿಸು ಕೊಡಬೇಕು. ಸಾಲಗಾರ ಆಕ್ಷೇಪಣೆ ಬರೆದರೆ, ಒಪ್ಪದಿದ್ದಲ್ಲಿ ಯಾಕೆ ಒಪ್ಪುವುದಿಲ್ಲ ಎಂದು 15 ದಿನಗಳಲ್ಲಿ ತಿಳಿಸಬೇಕು. ವಶಕ್ಕೆ ತೆಗೆದುಕೊಂಡರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಹರಾಜಿನ ಹಣದಲ್ಲಿ ಬಾಕಿ, ಖರ್ಚು ಕಳೆದು ಉಳಿದದ್ದು ಸಾಲಗಾರನದೇ. ಸಾಲ ತೀರಿಸದವನಿಗೂ ಇಷ್ಟೆಲ್ಲ ಉಳಿದಿದೆ. ಆದರೆ ದಿನ ತಪ್ಪಿದರೆ ಇದರಲ್ಲಿ ಎಷ್ಟೋ ಕೈಬಿಟ್ಟು ಹೋಗುತ್ತದೆ. ಪ್ರಾಜೆಕ್ಟ್ ನಡೆಸುವ ನನಗೆ ಡೆಡ್‌ಲೈನ್ ಹೊಸದಲ್ಲ. ನನ್ನದು ತಪ್ಪಿದರೆ ಕ್ಲೈಂಟ್ ಬೈಯುತ್ತಾನೆ, ಅಷ್ಟೆ. ಬ್ಯಾಂಕಿನ ಕಡೆ ದಿನ ಎಣಿಸಲು ವಕೀಲರಿದ್ದಾರೆ. ಈ ಕಡೆ ಕೆಲಸ ಹೋಗಿ, ನಿದ್ದೆಗೆಟ್ಟು ಕೂತ ಒಬ್ಬ ಮನುಷ್ಯ.

1981ರಲ್ಲಿ ಮುಂಬಯಿಯ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಲು ಸರಕಾರ ಹೊರಟಾಗ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದ 1985ರ ಆ ತೀರ್ಪನ್ನು ಎಲ್ಲರೂ ನೆನೆಯುತ್ತಾರೆ. ಫುಟ್‌ಪಾತ್ ಆಕ್ರಮಿಸುವ ಹಕ್ಕು ಯಾರಿಗೂ ಇಲ್ಲ ಎಂದೂ ಅದೇ ತೀರ್ಪು ಹೇಳಿತು. ಕೊನೆಗೆ ಅವರು ಏಳಲೇಬೇಕಿತ್ತು. ಆದರೆ ಮಳೆಗಾಲ ಕಳೆಯುವವರೆಗೆ, ಅಂದರೆ ಅಕ್ಟೋಬರ್ 31ರವರೆಗೆ, ಎಬ್ಬಿಸಕೂಡದು ಎಂದು ಕೋರ್ಟು ತಡೆಯಿತು. ಜುಲೈ ತಿಂಗಳ ಮುಂಬಯಿ ಮಳೆಯನ್ನು ಕಂಡವರಿಗೆ ಆ ನಾಲ್ಕು ತಿಂಗಳ ಬೆಲೆ ಗೊತ್ತು. ಅಷ್ಟು ಸಿಗುವುದಕ್ಕೂ ಅವರ ಪರವಾಗಿ ಯಾರಾದರೂ ನಿಂತು ಮಾತಾಡಬೇಕಿತ್ತು.

ಹಾಗೆ ನಿಲ್ಲುವುದನ್ನು ಸಂವಿಧಾನದ 39ಎ ವಿಧಿ ಸರಕಾರದ ಹೊಣೆ ಎನ್ನುತ್ತದೆ. ಇದು 1976ರಲ್ಲಿ ಸೇರಿದ್ದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಮಹಿಳೆಯರು ಆದಾಯ ಎಷ್ಟೇ ಇದ್ದರೂ ಅರ್ಹರು. ಉಳಿದವರಿಗೆ ಆಯಾ ರಾಜ್ಯದ ಆದಾಯ ಮಿತಿ ಇದೆ. ವಾದದಲ್ಲಿ ಮೇಲ್ನೋಟಕ್ಕಾದರೂ ಹುರುಳಿದೆಯೇ ಎಂದು ಪ್ರಾಧಿಕಾರ ನೋಡುತ್ತದೆ. ಸುಮ್ಮನೆ ಎಳೆದಾಡಲು ವಕೀಲರು ಸಿಗುವುದಿಲ್ಲ.

ಇನ್ನು ತೆರಿಗೆ ಹಣದ ಮಾತು. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿನಾಯಿತಿ ಇದೆ. ಆ ಊಟದ ಟೇಬಲ್ಲಿನಲ್ಲಿ ಅದನ್ನು ವರ್ಷಗಟ್ಟಲೆ ಪಡೆದವರೇ ತುಂಬಿದ್ದರು, ನನ್ನನ್ನೂ ಸೇರಿಸಿ. ನಮ್ಮ ಸಾಲದ ಭಾರವನ್ನು ಮನೆಯೇ ಇಲ್ಲದವರೂ ಒಂದಿಷ್ಟು ಹೊತ್ತರು. ಅದಕ್ಕೆ ಯಾರೂ ನಾಚಿದ್ದನ್ನು ಕಾಣೆ.

ನಾಚಿಕೆ ಬರುವುದು ವಕೀಲರನ್ನು ಕೇಳುವಾಗ. ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ಒಬ್ಬರಿದ್ದಾರೆ. ಗಂಡನ ಕೆಲಸ ಹೋಗಿತ್ತು; ಸಾಲ ಇಬ್ಬರ ಹೆಸರಲ್ಲಿ, ನೋಟಿಸೂ ಇಬ್ಬರ ಹೆಸರಿಗೆ. ಮಹಿಳೆಯಾದ್ದರಿಂದ ನಿಮಗೇ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕೋರ್ಟಿನಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ ಅಂದೆ. "ಅದು ಬಡವರಿಗೆ ಇರೂದಲ್ಲೇನ್ರಿ ಅಣ್ಣಾ? ನಾವು ಹೋದ್ರ ಮಂದಿ ಏನಂದಾರು?" ಅಂದರು.

ಎರಡು ವಾರ ಬಿಟ್ಟು, ಗಂಡನಿಗೂ ಹೇಳದೆ, ಒಬ್ಬರೇ ಹೋಗಿ ಬಂದರು. ವಕೀಲರು ಮೊದಲು ನೋಟಿಸಿನ ತಾರೀಕು ನೋಡಿದರಂತೆ. 60ರಲ್ಲಿ 38 ದಿನ ಆಗಲೇ ಹೋಗಿದ್ದವು.